ಅಪ್ಪನ ಮುಖವಿರುವ ಪುಟ

ಅಪ್ಪಾ,

ಅಡುಗೆ ಮುಚ್ಚಿಟ್ಟಿದ್ದೇನೆ, ಬಿಸಿ ಮಾಡಿಕೊಂಡು ಉಣ್ಣಿ. ಬಿ.ಪಿ. ಮಾತ್ರೆ ಮರೆಯಬೇಡಿ. ನೀವು ಗಟ್ಟಿಯಾಗಿರಬೇಕು, ಇನ್ನು ಕೇಳಿದವರಿಗೆಲ್ಲ ನೀವೇ ಉತ್ತರ ಹೇಳಬೇಕಲ್ಲ.

ಮೇಜಿನ ಮೇಲೆ ನಾನು ಬರೆದ ಚಿತ್ರಪುಸ್ತಕವಿದೆ. "ಹೆರೋದು ಬಿಡೋದು ಹೆಂಗಸು ಹೇಳ್ಲಿ" ಎಂದು ಮನೆಮನೆ ತಿರುಗಿದ ನರ್ಸಮ್ಮನ ಜೀವನಕಥೆ. ಕನ್ನಡಕ ಹಾಕಿಕೊಂಡೇ ನೋಡಿ. ನಡುವಿನ ಪುಟದಲ್ಲಿ ಅವರ ಕ್ಲಿನಿಕ್ಕಿಗೆ ಬೀಗ ಜಡಿಯುವ ನಿಮ್ಮ ಸಂಘದವರ ಗುಂಪಿದೆ. ಬೀಗ ಹಿಡಿದವರು ನೀವು. ಮುಖ ಮರೆಸಿಲ್ಲ, ಮೀಸೆಯನ್ನೂ ಬಿಟ್ಟಿಲ್ಲ. ಮುಂದಿನ ಪುಟದಲ್ಲಿ ಅದೇ ಬಾಗಿಲ ಮುಂದೆ ಅಮ್ಮ ನಿಂತಿದ್ದಾಳೆ. ಇನ್ನೊಂದು ಬಸುರನ್ನು ಅವಳ ಮೈ ತಡೆಯದು, ಮಕ್ಕಳಾಗದಂತೆ ಆಪರೇಷನ್ ಮಾಡಿಸಿ ಎಂದು ನರ್ಸಮ್ಮ ನಿಮಗೂ ಹೇಳಿದ್ದರು. "ಅದೆಲ್ಲ ನಮ್ಮನೇಲಿ ನಡೆಯಲ್ಲ" ಅಂದಿರಿ. ಮುಂದಿನ ಹೆರಿಗೆಯಲ್ಲೇ ಅಮ್ಮ ಹೋದಳು.

"ಅಪ್ಪಂಗೆ ವಯಸ್ಸಾಯ್ತು, ಬಿಟ್ಬಿಡಕ್ಕಾ" ಎಂದ ತಮ್ಮ. ಅಮ್ಮನಿಗೆ ವಯಸ್ಸಾಗಲು ಬಿಡದವರು ಯಾರು ಎಂದು ಕೇಳಿದೆ.

ಸಂಜೆ ಪುಸ್ತಕ ಬಿಡುಗಡೆ. ನಿಮ್ಮ ಸಂಘದವರನ್ನೆಲ್ಲ ಕರೆದಿದ್ದೇನೆ. ಮೊದಲ ಸಾಲಿನಲ್ಲಿ ನಿಮಗೂ ಕುರ್ಚಿ ಇದೆ. ಇಸ್ತ್ರಿ ಮಾಡಿದ ಅಂಗಿ ಬಾಗಿಲ ಹಿಂದೆ ತೂಗುಹಾಕಿದ್ದೇನೆ. ಬರದಿದ್ದರೂ ಚಿಂತೆಯಿಲ್ಲ. ನಡುವಿನ ಆ ಪುಟವನ್ನು ಗೋಡೆಯಷ್ಟು ದೊಡ್ಡದು ಮಾಡಿಸಿ ವೇದಿಕೆಗೆ ಕಟ್ಟಿಸಿದ್ದೇನೆ.