ದಾರಿ ಬಿಡದ ಗದ್ದೆ

ಕುಬಟೂರು
ಡಿಸೆಂಬರ್ 2, 2024

ಅಕ್ಕ ಗಂಗಾಶ್ರೀಗೆ ತಂಗಿ ಚೈತ್ರಶ್ರೀಯ ಶರಣು.

ನಾವೆಲ್ಲ ಕ್ಷೇಮ ಎಂದು ಬರೆಯುವ ಮನಸ್ಸಿಲ್ಲ. ಫೋನ್ ಮಾಡಿದರೆ ಭಾವನೇ ಎತ್ತುತ್ತಾರೆ, ಅವರ ದನಿ ಕೇಳುವುದೂ ನನಗೆ ಬೇಡ. ಅದಕ್ಕೇ ಈ ಪತ್ರ. ಇಲ್ಲಿಂದ ನಿಮ್ಮ ಶಿಕಾರಿಪುರದ ಕಾಲೇಜಿಗೆ ಬರುವ ಹುಡುಗಿ ಜಾಸ್ಮಿನ್ ನಿನ್ನ ಕೈಗೇ ಕೊಡುತ್ತಾಳೆ.

ಭಾವ ನಿನಗೆ ಹೇಳಿರುವ ಕಥೆ ಬೇರೆಯೇ ಇರಬೇಕು. ಮೊದಲೆಲ್ಲ ಊರಿನ ಭತ್ತ ಕೊಯ್ಯುತ್ತಿದ್ದದ್ದು ನಮ್ಮನೆಯವರ ಕಟಾವು ಮಷಿನ್. ಹೋದ ವರ್ಷ ಭಾವ ಹೊರಗಿನ ಕಂಪನಿಯೊಂದರ ಏಜೆಂಟರಾಗಿ ಸಾಲುಸಾಲಾಗಿ ಕಟಾವು ಮಷಿನ್ ತಂದು ಇಳಿಸಿದರು. ಡೀಸೆಲ್ ಖರ್ಚೂ ಗಿಟ್ಟದ ಬಾಡಿಗೆ. ಊರೆಲ್ಲ ಅತ್ತ ಹೋಯಿತು. ಹೋದವರನ್ನು ನಾನು ಬೈಯಲಾರೆ. ಉಚ್ಚಂಗಮ್ಮನಂಥ ಒಂಟಿ ಹೆಂಗಸು ಅಗ್ಗದ್ದು ಬಿಟ್ಟು ನಮ್ಮದನ್ನೇ ಏಕೆ ಕರೆಯಬೇಕು? ಸುಗ್ಗಿಯಿಡೀ ನಮ್ಮ ಮಷಿನ್ ನಿಂತಲ್ಲೇ ನಿಂತಿತು. ಸಾಕಲಾಗದೆ ಮಾರಿದೆವು. ಕೊಳ್ಳುವವರನ್ನು ಹುಡುಕಿಕೊಟ್ಟವರೂ ಭಾವನೇ. ಎಂಥ ಉಪಕಾರಿ ನೋಡು.

ಈ ವರ್ಷ ಬಾಡಿಗೆ ಎರಡು ಪಟ್ಟಾಯಿತು, ಬೇರೆ ಮಷಿನ್ ಸುತ್ತಮುತ್ತ ಎಲ್ಲೂ ಉಳಿದಿಲ್ಲ. ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಭಾವನನ್ನು ಕೇಳಿಯೇಬಿಟ್ಟೆ. ಕಡ್ಡಿಯಿಂದ ಹಲ್ಲು ಕೆದಕುತ್ತಾ, "ಅಗ್ಗ ಅಂತ ಜನನೇ ಆರಿಸ್ಕಂಡ್ರಲ್ಲ ಚೈತ್ರಾ, ನಾನೇನ್ ಯಾರ್ ಕುತ್ಗಿ ಹಿಡ್ದು ಎಳ್ಕಂಡ್ ಬಂದ್ನಾ?" ಅಂದರು. ಗಾಳದ ಎರೆಹುಳವನ್ನೂ ಮೀನೇ ಆರಿಸಿಕೊಳ್ಳುತ್ತದೆ ಅನ್ನಬೇಕೆನಿಸಿತು. ಬಸ್ ಹತ್ತಿ ಬಂದೆ.

ಆಮೇಲೆ ಊರವರೆಲ್ಲ ಸೇರಿ ಅರ್ಜಿ ಕೊಟ್ಟೆವು. ಇಷ್ಟಕ್ಕಿಂತ ಹೆಚ್ಚು ಬಾಡಿಗೆ ಕೇಳಬಾರದೆಂದು ಸರ್ಕಾರದವರು ದರ ಗೊತ್ತುಮಾಡಿದರು. ದೇವರು ಕೊಟ್ಟರೂ ಪೂಜಾರಿ ಕೊಡ. ಆದೇಶ ಬಂದ ಮರುದಿನವೇ ಭಾವನ ಮಷಿನ್‌ಗಳೆಲ್ಲ ಒಟ್ಟಿಗೆ ಕೆಟ್ಟು ಕೂತವಂತೆ. ಗುಟ್ಟಾಗಿ ಮೇಲಿನ ದುಡ್ಡು ಕೊಟ್ಟವರ ಗದ್ದೆಗೆ ಮಾತ್ರ ರಿಪೇರಿಯಾಗಿ ಬರುತ್ತವೆ. ಉಚ್ಚಂಗಮ್ಮನ ಭತ್ತ ಆಗಲೇ ಉದುರುತ್ತಿದೆ. ಅನ್ನವನ್ನು ಹೀಗೆ ಮಣ್ಣುಪಾಲು ಮಾಡುವವರ ಮನೆಯಲ್ಲಿ ಊಟ ಹೇಗೆ ಸೇರುತ್ತದೋ ನನಗೆ ತಿಳಿಯದು.

ಈಗ ನಿನ್ನ ಪಾಲಿನ ಗದ್ದೆ ಕೊಯ್ಯಲು ಮಷಿನ್ ಬರುತ್ತದಂತೆ. ನಿನ್ನದು, ಉಚ್ಚಂಗಮ್ಮನದು, ವಲೀಸಾಬರದು ಎಲ್ಲ ನನ್ನ ಗದ್ದೆಯ ಹಿಂದಿವೆ. ರಸ್ತೆ ಬದಿಯವರು ಮೊದಲು ಕೊಯ್ಯಿಸಿ ಹಿಂದಿನವರಿಗೆ ದಾರಿ ಬಿಡುವುದು ಅಪ್ಪನ ಕಾಲದ ಪದ್ಧತಿ. ನಿಂತ ಪೈರಿನ ಮೇಲೆ ಯಾರೂ ಮಷಿನ್ ಹತ್ತಿಸುವುದಿಲ್ಲ. ಈ ಸಲ ನಾನು ಕೊಯ್ಯಿಸುವುದೇ ಇಲ್ಲ. ಹಿಂದಿನವರೆಲ್ಲರ ಭತ್ತವನ್ನೂ ಸರ್ಕಾರದ ದರಕ್ಕೇ ಕೊಯ್ಯುತ್ತೇನೆಂದು ಭಾವ ಊರೆದುರು ಒಪ್ಪಿದರೆ ದಾರಿ. ಇಲ್ಲವಾದರೆ ನನ್ನದೂ ಉದುರಲಿ, ನಿನ್ನದೂ ಉದುರಲಿ. ನೀನು ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಕಂಡರೆ ಅಸಹ್ಯವಾಗುತ್ತದೆ ಅಕ್ಕ. ಒಂದು ಮಾತು ಅವರಿಗೆ ಹೇಳು.

ನಮ್ಮನೆಯವರೂ ಇದಕ್ಕೆ ಹ್ಞೂಂ ಅಂದಿದ್ದಾರೆ. ಯಾಕೋ ಈಚೆಗೆ ಮಾತು ಕಡಿಮೆ, ಅಷ್ಟೇ.

ಇಂತಿ ನಿನ್ನ ತಂಗಿ,
ಚೈತ್ರ

ತಾ.ಕ.: ಪತ್ರ ಒಯ್ಯಲು ಜಾಸ್ಮಿನ್ ಬರುವ ಮೊದಲೇ ಮಷಿನ್ ಬಂತು. ಇದನ್ನು ಗದ್ದೆಯ ಬದುವಿನ ಮೇಲೆ, ಅದರ ಎದುರಿಗೇ ಕೂತು ಬರೆಯುತ್ತಿದ್ದೇನೆ. ಬಣ್ಣ ಹೊಸದು, ಆದರೆ ಹತ್ತುವ ಮೆಟ್ಟಿಲಿಗೆ ನಾವು ಹಾಕಿಸಿದ್ದ ಬೆಸುಗೆ ಹಾಗೇ ಇದೆ. ನಮ್ಮದೇ ಹಳೆಯ ಮಷಿನ್. ಓಡಿಸಿಕೊಂಡು ಬಂದವರೂ ನಮ್ಮನೆಯವರೇ. ಭಾವ ಸಂಬಳಕ್ಕಿಟ್ಟುಕೊಂಡು ವಾರವಾಯಿತಂತೆ. "ಏಳು ಮಾರಾಯ್ತಿ, ನಮ್ದನ್ನ ಪುಕ್ಸಟ್ಟೆ ಕೊಯ್ದ್ ಕೊಡ್ತಾರಂತೆ" ಅಂದರು, ನನ್ನ ಮುಖ ನೋಡದೆ. ಉಚ್ಚಂಗಮ್ಮ ಬಂದು ಪಕ್ಕದಲ್ಲಿ ಕೂತಿದ್ದಾಳೆ. ನಮ್ಮನೆಯವರು ಇಂಜಿನ್ ಆರಿಸಿಲ್ಲ. ನಾನೂ ಎದ್ದಿಲ್ಲ.