ಬೆಕ್ಕಿನ ಶುಕ್ರವಾರ

ಲಿಲ್ಲಿ ಅಪ್ಪಾ,

ಮಿಲ್ಲಿಂದ ಬಂದ ಕೂಡ್ಲೆ ಇದನ್ನ ಓದಿ, ಕೈಕಾಲು ಆಮೇಲೆ ತೊಳ್ಕೊಳ್ಳಿ.

ಫಾದರ್ ಇವತ್ತು ಮಧ್ಯಾಹ್ನ ಊಟಕ್ಕೆ ಬರ್ತಾರೆ ಅಂತ ನೆನಪಿತ್ತು. ಅದಕ್ಕೇ ಬೆಳಿಗ್ಗೆನೇ ಕೆಂಪು ಹುಂಜ ಕೊಯ್ದು ಸಾರು ಮಾಡ್ದೆ. ಇವತ್ತು ಶುಕ್ರವಾರ, ನಾವು ಮಾಂಸ ಮುಟ್ಟೋ ಹಾಗಿಲ್ಲ ಅನ್ನೋದು ಮಾತ್ರ ಮರ್ತೇಹೋಯ್ತು. ಸ್ಕೂಲಿಗೆ ಹೊರಟ ಲಿಲ್ಲಿ ಹೇಳಿದ್ಮೇಲೇ ಗೊತ್ತಾಗಿದ್ದು. ಅಷ್ಟೊತ್ತಿಗೆ ವಾಸನೆ ಹುಲಿಕಲ್ ಘಾಟಿ ಇಳಿದಾಗಿತ್ತು.

ತಪ್ಪೆಲ್ಲ ನನ್ನ ಬಾಯಿದು. ಹೋದ ಭಾನುವಾರ ಪೂಜೆ ಮುಗಿದ್ಮೇಲೆ ಎಲ್ರ ಮುಂದೆ, "ಶುಕ್ರವಾರ ನಮ್ಮನೆ ಬೆಕ್ಕೂ ಇಲಿ ಹಿಡಿಯಲ್ಲ ಫಾದರ್" ಅಂದಿದ್ದೆ. "ಹಾಗಾದ್ರೆ ಶುಕ್ರವಾರವೇ ಊಟಕ್ಕೆ ಬಂದು ಆ ಬೆಕ್ಕನ್ನ ನೋಡ್ತೀನಿ ಕಾರ್ಮಿನಮ್ಮ" ಅಂದ್ರು.

ನಾನು ಪೇಟೆಗೆ ಮೀನು ತರೋಕೆ ಹೋಗಿದೀನಿ. ಚಿಕ್ಕೋನೂ ನನ್ನ ಸೊಂಟದ ಮೇಲೇ ಇದಾನೆ. ಸಾರಿನ ಪಾತ್ರೆ ಪಕ್ಕದ ಮನೆ ಹಾಲಮ್ಮಕ್ಕಂಗೆ ಕೊಟ್ಬಿಡಿ, ಅವ್ರಿಗೆ ಶುಕ್ರವಾರದ ಕಾಟ ಇಲ್ಲ. ನಾಳೆಗೆ ಮಕ್ಕಳಿಗೆ ಅಂತ ಎರಡು ಕಾಲು ಎತ್ತಿಡೋಕೆ ಹೇಳಿ. ಅನ್ನ ಬಸಿದಿಟ್ಟಿದೀನಿ.

ಫಾದರ್ ನನಗಿಂತ ಮೊದ್ಲೇ ಬಂದ್ರೆ ಜಗಲಿ ಮೇಲೆ ಕೂರ್ಸಿ ಕಾಫಿ ಕೊಡಿ. ವಾಸನೆ ಏನು ಅಂತ ಕೇಳಿದ್ರೆ ಸುಳ್ಳು ಹೇಳೋಕೆ ಹೋಗ್ಬೇಡಿ. ನಿಮಗೆ ಬರಲ್ಲ, ಕಿವಿ ಕೆಂಪಾಗುತ್ತೆ. ನಾನೇ ಬಂದು ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಮದ್ವೆಯಾಗಿ ಹನ್ನೆರಡು ವರ್ಷಕ್ಕೆ, ನಾನು ಏನೂ ಸೇರಿಸ್ದೆ ಮಾತಾಡೋದನ್ನ ನೀವೂ ಒಂದ್ಸಲ ಕೇಳಿ.

ಬೆಕ್ಕನ್ನ ಓಡಿಸ್ಬೇಡಿ. ಹುಂಜದ ಕರುಳೆಲ್ಲ ತಿಂದು ಒಲೆ ಹತ್ರ ಮಲ್ಗಿದೆ. ಅವ್ರು ನೋಡೋಕೆ ಬರೋದೇ ಅದನ್ನ, ನೋಡ್ಕೊಂಡು ಹೋಗ್ಲಿ.