ಇರುವೆಗೆಂದು ಎಳೆದ ಗೆರೆ

ಮಾರ್ಚ್ 11, ಮಧ್ಯಾಹ್ನ

ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದಿದೆ, ಕೊನೆಯ ಪೊರೆ ಬಿಟ್ಟಾಯಿತು. ಇನ್ನೊಂದು ವಾರ ಅದಕ್ಕೆ ತಿನ್ನುವುದೇ ಕೆಲಸ, ನಮಗೆ ಸೊಪ್ಪು ಹೊರುವುದೇ ಕೆಲಸ. ಬೆಳಿಗ್ಗೆ ಹಿಪ್ಪುನೇರಳೆ ಕೊಯ್ಯುತ್ತಿದ್ದ ಅತ್ತೆ ಕಿರುಚಿದರು. ಸಾಲಿನ ನಡುವೆ ಎರಡು ಚಿರತೆ ಮರಿ! ಈಗಷ್ಟೇ ಕಣ್ಣು ಬಿಟ್ಟವು.

ದಿಬ್ಬೂರಹಳ್ಳಿಯೇ ಬಂದು ನಿಂತಿತು. ಪಕ್ಕದ ತೋಟದ ಬಯ್ಯಪ್ಪನವರಿಗೆ ಪಟಾಕಿ ಹೊಡೆದು ತಾಯಿ ಚಿರತೆಯನ್ನು ಓಡಿಸುವ ಆಸೆ. ಫಾರೆಸ್ಟ್ ಗಾರ್ಡ್ ಸುನೀಲ್‌ಕುಮಾರ್ ಬಂದು ಎಲ್ಲರನ್ನೂ ಚದುರಿಸಿದ. ಗ್ಲೌಸ್ ಹಾಕಿ ಮರಿಗಳನ್ನು ಬುಟ್ಟಿಯಲ್ಲಿಟ್ಟು, ಅಲ್ಲೇ ಬಿಟ್ಟ.

"ತಾಯಿ ಇಲ್ಲೇ ಎಲ್ಲೋ ಇರುತ್ತೆ ಅಕ್ಕ. ಬಂದು ಎತ್ಕೊಂಡೋಗುತ್ತೆ. ಯಾರೂ ತೋಟಕ್ಕೆ ಕಾಲಿಡ್ಬೇಡಿ. ಬರ್ಲಿಲ್ಲ ಅಂದ್ರೆ ಜೀವ ಇರೋತನಕ ಬೋನೇ ಗತಿ ಇವಕ್ಕೆ."

"ನಮ್ ಹುಳುಗೆ ಸೊಪ್ಪು?" ಎಂದೆ.

"ನಮ್ ತೋಟದಲ್ಲಿ ಕೊಯ್ಕೊಳಮ್ಮ" ಎಂದರು ಬಯ್ಯಪ್ಪ. ಈಗ ತಾನೇ ಪಟಾಕಿ ಕೇಳಿದವರು! ಮನುಷ್ಯ ಒಳ್ಳೆಯವರೇ, ಬಾಯಿ ಮಾತ್ರ ಮುಂದು.

ಅದೇ ದಿನ, ಸಂಜೆ

ಮನಸ್ಸು ತಡೆಯಲಿಲ್ಲ, ಹೋಗಿ ಇಣುಕಿದೆ. ಬುಟ್ಟಿಗೆ ಇರುವೆ ಹತ್ತುತ್ತಿವೆ. ಒಂದು ಮರಿ ಮೂತಿ ಉಜ್ಜಿಕೊಳ್ಳುತ್ತಿತ್ತು. ಹುಳು ಮನೆಯಿಂದ ಬ್ಲೀಚಿಂಗ್ ಪುಡಿ ಬೆರೆಸಿದ ಸುಣ್ಣ ತಂದು ಸುತ್ತ ಗೆರೆ ಎಳೆದೆ. ನಮ್ಮ ಬಾಗಿಲಿಗೆ ದಿನಾ ಎಳೆಯುವ ಹಾಗೆಯೇ... ಮರಿಗಳನ್ನು ನಾನು ಮುಟ್ಟಲಿಲ್ಲ. ಸಮಾಧಾನವಾಯಿತು.

ಮಾರ್ಚ್ 12

ಮರಿಗಳು ಬುಟ್ಟಿಯಲ್ಲೇ ಇವೆ.

ತಾಯಿ ಬಂದಿತ್ತಂತೆ. ಸುನೀಲ್ ಹೆಜ್ಜೆ ತೋರಿಸಿದ — ಗೆರೆಯವರೆಗೂ ಬಂದು, ಸುತ್ತು ಹಾಕಿ, ವಾಪಸ್.

"ಯಾರಕ್ಕ ಇದನ್ನ ಹಾಕಿದ್ದು? ಈ ಘಾಟಿಗೆ ನಮ್ಗೇ ಕಣ್ಣುರಿ. ಅದು ಮರಿ ವಾಸ್ನೆ ಹೆಂಗೆ ಹಿಡೀಬೇಕು?"

"ನಾನೇ" ಎಂದೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇಬ್ಬರೂ ಸೇರಿ ಮಣ್ಣು ಕೆರೆದು ದೂರ ಹಾಕಿದೆವು. ನಾಳೆ ಸಂಜೆ ಆರಕ್ಕೆ ಜೀಪ್ ಬರುತ್ತದಂತೆ, ಮರಿಗಳನ್ನು ಒಯ್ಯಲು. ಅಲ್ಲಿಯವರೆಗೆ ಮಾತ್ರ ಸಮಯ.

"ಪಾಪಂ, ಹಾಲಿಗೆ ಅಳ್ತವೆ ಕಣೇ" ಎಂದು ಅತ್ತೆ ಆಗಾಗ ಹೇಳುತ್ತಾರೆ. ಕಿವಿ ಮುಚ್ಚಿಕೊಳ್ಳುವ ಹಾಗಾಗಿದೆ. ಮಾಡಿದ್ದು ಒಳ್ಳೆಯದಕ್ಕೇ. ಅದನ್ನು ಆ ಮರಿಗಳಿಗೆ ಹೇಳುವುದು ಹೇಗೆ?

ಮಾರ್ಚ್ 13, ಬೆಳಿಗ್ಗೆ

ಒಂದು ಮರಿ ಇಲ್ಲ! ಒಯ್ದಿದ್ದಾಳೆ, ಹೆಜ್ಜೆ ಸ್ಪಷ್ಟವಾಗಿದೆ. ಖುಷಿಗೆ ಸುನೀಲ್ ಕೈಯನ್ನೇ ಹಿಡಿದುಬಿಟ್ಟೆ.

ಉಳಿದಿರುವುದು ಆ ಮೂತಿ ಉಜ್ಜುತ್ತಿದ್ದದ್ದು. ನನ್ನ ಪುಡಿ ಅದರ ಮೈಗೆ ಮೆತ್ತಿತ್ತೋ ಏನೋ. ಹಾಗೆಂದೇ ಬಿಟ್ಟಳೋ... ಬಯ್ಯಪ್ಪನವರೂ ಬಂದು ಕೇಳಿ ಹೋದರು, "ಇನ್ನೊಂದು?" ಅಂತ.

ಸಂಜೆ 5:35

ಹುಳು ಮನೆಯಲ್ಲಿದ್ದೇನೆ, ಚಿಲಕ ಹಾಕಿಕೊಂಡು. ಹೊರಗೆ ಹೋಗುವಂತಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ.

ಸೊಪ್ಪು ಹಾಕುತ್ತಿದ್ದೆ. ಕಿಟಕಿಯ ಬಲೆಯಾಚೆ ಸಾಲು ಅಲ್ಲಾಡಿತು. ನಾಯಿ ಅಂದುಕೊಂಡೆ. ಅಲ್ಲ. ಹಾಡುಹಗಲಲ್ಲೇ ಬಂದಿದ್ದಾಳೆ. ಎಷ್ಟು ದೊಡ್ಡವಳು! ಸುನೀಲ್‌ಗೆ ಮೆಸೇಜ್ ಹಾಕಿದೆ — ಜೀಪ್ ನಿಲ್ಲಿಸು.

ಬುಟ್ಟಿ ಮೂಸುತ್ತಿದ್ದಾಳೆ. ತಲೆ ಹಿಂದಕ್ಕೆ ತೆಗೆದಳು. ಸೀನಿದಳು. ಅಯ್ಯೋ ದೇವರೇ, ಇನ್ನೂ ವಾಸನೆ ಇದೆಯಾ... ತಿರುಗಿ ಎರಡು ಹೆಜ್ಜೆ ಹೋದಳು.

ಮರಿ ಕೂಗಿತು.

ನಿಂತಳು. ರಸ್ತೆಯಲ್ಲಿ ಜೀಪ್ ಸದ್ದು. ಅಲ್ಲೇ ನಿಲ್ಲಿಸ್ರಪ್ಪ, ಅಲ್ಲೇ... ಸದ್ದು ನಿಂತಿತು.

ವಾಪಸ್ ಬಂದಳು. ಮರಿಯನ್ನು ನೆಕ್ಕುತ್ತಿದ್ದಾಳೆ. ಮೂತಿ, ಕಣ್ಣು, ಮೈಯೆಲ್ಲ. ನಾನು ಅಳುತ್ತಿದ್ದೇನೆ, ಅಕ್ಷರ ಕಾಣುತ್ತಿಲ್ಲ. ಕುತ್ತಿಗೆ ಬಾಯಲ್ಲಿ ಹಿಡಿದಳು. ಎತ್ತಿದಳು. ಹೋಗಮ್ಮ, ಬೇಗ ಹೋ — ಹೋದಳು, ಮರಿಯೊಂದಿಗೆ.